ಕಲ್ಲಿಗೆ ಬಡಿದರೆ ಸಾಣೆ ಅತ್ತೆಗೆ ಗೊತ್ತಾಗುತ್ತದೆ

ಬೀದಿಗೆ ಹಾಲಿನ ವ್ಯಾನು ಇನ್ನೂ ಬಂದಿಲ್ಲ. ಸಾಲು ಅಂಗಡಿಗಳ ಶಟರುಗಳೆಲ್ಲ ಮುಚ್ಚಿವೆ. ಕೊನೆಯ ವರ್ಕ್‌ಶಾಪಿನ ಶಟರು ಮಾತ್ರ ಮೊಣಕಾಲೆತ್ತರಕ್ಕೆ ಎದ್ದಿದೆ. ಅದರಡಿಯಿಂದ ಟ್ಯೂಬ್‌ಲೈಟಿನ ಬೆಳಕೂ ಕರ್‌ರ್‌ರ್ ಎಂಬ ಸದ್ದೂ ಒಟ್ಟಿಗೇ ಹೊರಗೆ ಬರುತ್ತಿವೆ. ಬಗ್ಗಿ ಒಳಗೆ ಇಣುಕಿದರೆ ಕಾಣುವುದು ಒಂದು ಜೊತೆ ರಬ್ಬರ್ ಚಪ್ಪಲಿ, ಮೊಣಕಾಲಿನವರೆಗೆ ಇಳಿಬಿದ್ದ ಚರ್ಮದ ಏಪ್ರನ್. ಪೂರ್ತಿ ಒಳಗೆ ಹೋದರೆ ಉಳಿದ ಸಾಣೆ ಅತ್ತೆಯೂ ಕಾಣುತ್ತಾರೆ: ಮೂಗಿಗೆ ಮಾಸ್ಕು, ಕಣ್ಣಿಗೆ ಗಂಡನ ಕಾಲದ ಬೈಕ್ ಕನ್ನಡಕ, ಬರಿಗೈಯಲ್ಲಿ ಬೆರಳುದ್ದದ ಒಂದು ಉಕ್ಕಿನ ಹಲ್ಲು.

ಹಲ್ಲು ಅತ್ತೆಯದಲ್ಲ, ಯಂತ್ರದ್ದು. ಮರ ಕಡಿಯುವವರು ಕಡಿದು ಹೊತ್ತುಕೊಂಡು ಹೋಗುತ್ತಾರೆ. ನೆಲದಲ್ಲಿ ಬೇರೂರಿ ಕೂತ ಬೊಡ್ಡೆಯನ್ನು ಕೇಳುವವರಿಲ್ಲ. ಅದನ್ನು ಅರೆದು ಪುಡಿ ಮಾಡುವುದಕ್ಕೇ ಸ್ಟಂಪ್ ಗ್ರೈಂಡರ್ ಎಂಬ ಯಂತ್ರವಿದೆ. ಅದರ ಗಾಲಿಯ ಸುತ್ತ ಹಲ್ಲುಗಳು, ಪ್ರತಿ ಹಲ್ಲಿನ ತುದಿಗೆ ಕಾರ್ಬೈಡ್ ಎಂಬ ಕಡುಗಟ್ಟಿ ಲೋಹದ ಚೂರು. ಗಾಲಿ ತಿರುಗುತ್ತ ಬೊಡ್ಡೆಯನ್ನು ಕಚ್ಚಿ ಕಚ್ಚಿ ಉಗಿಯುತ್ತದೆ. ಯಂತ್ರ ಓಡಿಸುವವನು ಅಳಿಯ. ಮೊಂಡಾದ ಹಲ್ಲಿಗೆ ಸಾಣೆ ಹಿಡಿಯುವವರು ಅತ್ತೆ. ಊರಿನವರಿಗೆ ಯಂತ್ರ ಗೊತ್ತು, ಅಳಿಯ ಗೊತ್ತು. ಈ ಶಟರಿನ ಹಿಂದೆ ಒಬ್ಬ ಹೆಂಗಸು ಕೂತು ಆ ಯಂತ್ರಕ್ಕೆ ಕಚ್ಚುವ ಶಕ್ತಿ ಕೊಡುತ್ತಾರೆ ಎಂಬುದು ಅಕ್ಕಪಕ್ಕದ ಅಂಗಡಿಯವರ ಹೊರತು ಹೆಚ್ಚು ಜನರಿಗೆ ಗೊತ್ತಿಲ್ಲ.

ಇವತ್ತಿನ ಸಾಣೆಯಲ್ಲಿ ಮಾತ್ರ ಏನೋ ಹೆಚ್ಚು ಕಮ್ಮಿ ಇದೆ. ಅತ್ತೆ ಒಂದೊಂದು ಹಲ್ಲನ್ನೂ ಹಸಿರು ಸಾಣೆಚಕ್ರಕ್ಕೆ ಒಡ್ಡುತ್ತಾರೆ, ತೆಗೆಯುತ್ತಾರೆ, ದೀಪಕ್ಕೆ ಹಿಡಿಯುತ್ತಾರೆ, ಮತ್ತೆ ಒಡ್ಡುತ್ತಾರೆ. ಟೀ ಹಿಡಿದು ಬಂದ ಮಗಳು ನೋಡುತ್ತಲೇ ನಿಂತಿದ್ದಾಳೆ.

"ಅಮ್ಮಾ, ಸಾಕು ಬಿಡಮ್ಮ. ಅದರಲ್ಲಿ ಗಡ್ಡ ಬೋಳಿಸಬಹುದು ಈಗ."

"ಬೋಳಿಸ್ತೀನಿ ತಡಿ, ಆ ಏಜೆಂಟನ ತಲೆ," ಎನ್ನುತ್ತಾರೆ ಅತ್ತೆ. ಚಕ್ರ ನಿಲ್ಲುವುದಿಲ್ಲ.

ವಿಷಯ ಇಷ್ಟೇ. ಹೋದ ವಾರ ಯಂತ್ರದ ಹಲ್ಲು ಮಾರುವ ಒಬ್ಬ ಏಜೆಂಟ್ ಬಂದಿದ್ದ. ಇಸ್ತ್ರಿ ಮುರಿಯದ ಶರ್ಟು, ನಗುಮುಖ, ಕೈಯಲ್ಲೊಂದು ಪೆಟ್ಟಿಗೆ. ಪೆಟ್ಟಿಗೆಯಲ್ಲಿ ಉರುಟು ಹಲ್ಲುಗಳು. ಒಂದು ಅಂಚು ಮೊಂಡಾದರೆ ತಿರುಗಿಸಿ ಹಾಕುವುದು, ಎಲ್ಲ ಅಂಚೂ ತೀರಿದರೆ ಬಿಸಾಡುವುದು, ಸಾಣೆಯ ಗೊಡವೆಯೇ ಇಲ್ಲ. ಅಳಿಯ ಬಾಯಿ ಬಿಟ್ಟುಕೊಂಡು ಕೇಳಿದ. ಕೊನೆಗೆ ಏಜೆಂಟ್ ಅತ್ತೆಯ ಮೂಲೆಯತ್ತ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, "ಅಮ್ಮಂಗೂ ಇನ್ಮೇಲೆ ರೆಸ್ಟು. ಈ ಮೇಜು ತೆಗೆದ್ರೆ ಇಲ್ಲೊಂದು ರ್‍ಯಾಕ್ ಇಡಬಹುದು," ಅಂದ. ಪಾಪ, ಯಾರ ಹತ್ತಿರ ಯಾವ ಮಾತು ಆಡುತ್ತಿದ್ದೇನೆ ಅಂತ ಅವನಿಗೇನು ಗೊತ್ತು!

"ರೆಸ್ಟಂತೆ ರೆಸ್ಟು. ಮಹಡಿ ಮೇಲೆ ಟೀವಿ ಮುಂದೆ ಕೂರಿಸ್ತಾರೆ. ಸಂಜೆಗೆ ಪಕ್ಕದ ಮನೆಯವರು ಬಂದು ಮೊಣಕಾಲು ನೋವಿನ ಸುದ್ದಿ ಹೇಳ್ತಾರೆ. ನಂಗೆ ಮೊಣಕಾಲು ನೋವೇ ಇಲ್ಲ, ನಾನು ಏನಂತ ಮಾತಾಡ್ಲಿ ಅವರ ಹತ್ರ?" ಎಂದು ಅತ್ತೆ ಕೇಳುತ್ತಾರೆ. ನಗೆಯ ಮಾತಿನಂತಿದ್ದರೂ ಅದು ನಗೆಯಲ್ಲ. ಈ ಮೇಜು ಹೋದರೆ ತನ್ನ ಬೆಳಗು ಹೋದಂತೆ ಎಂದು ಅವರಿಗೆ ಗೊತ್ತು.

ಇವತ್ತು ಪರೀಕ್ಷೆ. ಒಂದು ಶಾಲೆಯ ಅಂಗಳದಲ್ಲಿ ಒಂದೇ ಜಾತಿಯ, ಒಂದೇ ಗಾತ್ರದ ಎರಡು ಬೊಡ್ಡೆಗಳಿವೆ. ಒಂದನ್ನು ಅತ್ತೆಯ ಹಲ್ಲಿನಿಂದ, ಇನ್ನೊಂದನ್ನು ಏಜೆಂಟನ ಹಲ್ಲಿನಿಂದ ಅರೆಯುವುದು. ಯಾವುದು ಗೆದ್ದಿತೋ ಅದೇ ಮುಂದಕ್ಕೆ. ಹಾಗಂತ ಅಳಿಯ ಏಜೆಂಟನ ಕೈ ಕುಲುಕಿಬಿಟ್ಟಿದ್ದಾನೆ.

ಸಾಣೆ ಅತ್ತೆಗೆ ಈ ವಿದ್ಯೆ ಗಂಡನಿಂದ ಬಂದದ್ದು. ಆತ ಸೈಕಲ್ಲಿಗೆ ಸಾಣೆಕಲ್ಲು ಕಟ್ಟಿಕೊಂಡು ಬೀದಿ ಬೀದಿ ಸುತ್ತಿ ಚಾಕು, ಕತ್ತರಿ ಹರಿತ ಮಾಡಿಕೊಡುತ್ತಿದ್ದವನು. ಮಳೆಗಾಲದಲ್ಲಿ ಮನೆಯ ಜಗಲಿಯಲ್ಲೇ ಸೈಕಲ್ ನಿಲ್ಲಿಸಿದಾಗ ಪೆಡಲ್ ತುಳಿಯುವ ಕೆಲಸ ಹೆಂಡತಿಯದು. ತುಳಿಯುತ್ತ ತುಳಿಯುತ್ತ ಕೈಗೂ ವಿದ್ಯೆ ಹತ್ತಿತು. "ಅವರಿಗೆ ಕತ್ತರಿ ಸಾಣೆ ಹಿಡಿಯೋಕೆ ಬರ್ತಾನೇ ಇರ್ಲಿಲ್ಲ. ದರ್ಜಿಗಳೆಲ್ಲ ನನ್ನ ಕೈಗೇ ಕೊಡ್ತಿದ್ರು. ಹೆಸರು ಮಾತ್ರ ಅವರದು," ಎನ್ನುವಾಗ ಅತ್ತೆಯ ದನಿಯಲ್ಲಿ ದೂರಿಗಿಂತ ಪ್ರೀತಿಯೇ ಹೆಚ್ಚು. ಗಂಡ ತೀರಿಕೊಂಡ ಮೇಲೆ ಮಗಳ ಮನೆಗೆ ಬಂದರು. ಸೈಕಲ್ ಮಾರಿದರು, ಸಾಣೆಕಲ್ಲನ್ನು ಬಿಟ್ಟುಕೊಡಲಿಲ್ಲ.

ಅಳಿಯ ಆಗಷ್ಟೇ ಹಳೆಯ ಸ್ಟಂಪ್ ಗ್ರೈಂಡರ್ ಒಂದನ್ನು ಕೊಂಡು ತಂದಿದ್ದ. ಮೊದಮೊದಲು ಭರ್ಜರಿ ಕೆಲಸ. ಆಮೇಲೆ ಯಂತ್ರ ಬೊಡ್ಡೆಯ ಮೇಲೆ ಕೂತು ಸುಮ್ಮನೆ ಹೊಗೆ ಬಿಡತೊಡಗಿತು. ಅಳಿಯ ಇಂಜಿನ್ ಬಿಚ್ಚಿದ, ಜೋಡಿಸಿದ, ಬೆಲ್ಟ್ ಬದಲಿಸಿದ, ತಲೆ ಮೇಲೆ ಕೈ ಹೊತ್ತು ಕೂತ. ಕಸ ಗುಡಿಸುತ್ತಿದ್ದ ಅತ್ತೆ ಪೊರಕೆ ಕಂಕುಳಲ್ಲಿ ಸಿಕ್ಕಿಸಿಕೊಂಡು ಒಂದು ಹಲ್ಲಿನ ಮೇಲೆ ಹೆಬ್ಬೆರಳು ಸವರಿದರು. "ಇಂಜಿನ್‌ಗೆ ಏನೂ ಆಗಿಲ್ಲಪ್ಪ. ಬೋಸಿ ತಳದ ಹಾಗೆ ನುಣ್ಣಗಿದೆ ಇದು, ಕಚ್ಚು ಅಂದ್ರೆ ಎಲ್ಲಿಂದ ಕಚ್ಚೀತು?"

ಅಲ್ಲಿಂದ ಶುರುವಾದದ್ದು ದೊಡ್ಡ ಪೀಕಲಾಟ. ಗಂಡನ ಸಾಣೆಕಲ್ಲಿಗೆ ಹಲ್ಲನ್ನು ಒಡ್ಡಿದರೆ ಹಲ್ಲು ಹಾಗೇ ಇತ್ತು, ಕಲ್ಲಿಗೇ ಗುಳಿ ಬಿತ್ತು. ಹಾರ್ಡ್‌ವೇರ್ ಅಂಗಡಿಯವನನ್ನು ಕಾಡಿ ಬೇಡಿ ಕಾರ್ಬೈಡ್ ತಿನ್ನುವ ಹಸಿರು ಚಕ್ರ ತರಿಸಿದರು. ಹಲ್ಲು ಕಾದಿತೆಂದು ಚಾಕುವಿನ ಅಭ್ಯಾಸದಲ್ಲಿ ನೀರಿಗೆ ಅದ್ದಿದರು. ಟಿಕ್ ಎಂದು ತುದಿ ಸೀಳಿಹೋಯಿತು. ಕಾರ್ಬೈಡಿಗೆ ತಣ್ಣೀರು ಆಗದು, ತನ್ನಷ್ಟಕ್ಕೆ ಆರಬೇಕು ಎಂದು ಹಾಗೆ ತಿಳಿಯಿತು. ಇನ್ನೊಮ್ಮೆ ಎಡಬದಿಯ ಹಲ್ಲುಗಳನ್ನೂ ಬಲಬದಿಯವನ್ನೂ ಒಂದೇ ಡಬ್ಬಿಗೆ ಸುರಿದು ಕಲಸಿಬಿಟ್ಟರು. ಅಳಿಯ ಹೇಗೋ ಜೋಡಿಸಿಕೊಂಡು ಹೋಗಿ ಯಂತ್ರ ಶುರು ಮಾಡಿದ. "ಯಂತ್ರ ನಿಂತಲ್ಲೇ ಕುಣೀತು, ಹಿಡ್ಕೊಂಡಿದ್ದ ನಮ್ಮೆಜಮಾನ್ರೂ ಕುಣಿದ್ರು. ಆ ಮನೆಯವರು ವಿಡಿಯೋ ಮಾಡ್ಕೊಂಡ್ರು," ಎಂದು ಮಗಳು ಈಗಲೂ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಾಳೆ. ಅಂದಿನಿಂದ ಹಲ್ಲುಗಳಿಗೆ ಮೊಟ್ಟೆ ಟ್ರೇ ಬಂತು. ಗಾಲಿಯಿಂದ ಬಿಚ್ಚಿದ ಸಾಲಿನಲ್ಲೇ ಗುಳಿಯಲ್ಲಿ ಕೂರುತ್ತವೆ, ಅದೇ ಸಾಲಿನಲ್ಲಿ ಮರಳಿ ಗಾಲಿಗೆ ಏರುತ್ತವೆ.

ದಿನದ ಕೆಲಸ ಹೀಗೆ: ಸಂಜೆ ಹಲ್ಲು ಬರುತ್ತದೆ. ಮಣ್ಣು ಕೆರೆದು, ತೊಳೆದು, ಒರೆಸಿ ಇಡುತ್ತಾರೆ. ಬೆಳಗಾಗುವ ಮುಂಚೆ ಸಾಣೆ. ಕೈಗವಸು ಮಾತ್ರ ಹಾಕುವುದಿಲ್ಲ. "ಬಟ್ಟೆ ಸಿಕ್ಕಿದ್ರೆ ಚಕ್ರ ಕೈನೂ ಎಳ್ಕೊಂಡು ಹೋಗುತ್ತೆ. ಬರಿಗೈಯಾದ್ರೆ ಬಿಸಿ ಹತ್ತಿದ್ದು ನನಗೇ ಗೊತ್ತಾಗುತ್ತೆ, ಬಿಟ್ಬಿಡ್ತೀನಿ." ಕಿಡಿ ನೋಡಿ ಅಳತೆ: ಮಂಕಾಗಿ, ಗಿಡ್ಡಕ್ಕೆ ಕಿಡಿ ಬಂದರೆ ಕಾರ್ಬೈಡ್ ಸವೆಯುತ್ತಿದೆ, ಸರಿ. ಉದ್ದುದ್ದ ಹೂಬಾಣದಂತೆ ಹಾರಿದರೆ ಕೆಳಗಿನ ಉಕ್ಕನ್ನು ತಿನ್ನುತ್ತಿದೆ, ಕೈ ಓರೆಯಾಗಿದೆ ಎಂದರ್ಥ. ಕೊನೆಗೆ ಉಗುರಿನ ಪರೀಕ್ಷೆ. ಅಂಚು ಉಗುರಿನ ಮೇಲೆ ಜಾರಿದರೆ ಮೊಂಡು. ಹಿಡಿದು ನಿಂತರೆ ಸರಿ. ಉಗುರನ್ನೇ ಹೆರೆದರೆ ಅತಿಯಾಯಿತು. ಅತಿ ಹರಿತದ ಅಂಚು ತೆಳ್ಳಗಾಗಿ ಬೊಡ್ಡೆಯೊಳಗೆ ಚಕ್ಕೆ ಏಳುತ್ತದೆ. ಇದನ್ನು ಕಲಿಸಲು ಅತ್ತೆಗೆ ಯಾರೂ ಬೇಕಿಲ್ಲ. ವರ್ಕ್‌ಶಾಪಿಗೆ ಕಾಲಿಟ್ಟವರಿಗೆಲ್ಲ ಅವರೇ ಹೇಳುವ ಮಾತು.

ಆದರೆ ಸಾಣೆಗಿಂತ ಹೆಚ್ಚಾಗಿ ಅಕ್ಕಪಕ್ಕದವರ ಬಾಯಲ್ಲಿರುವುದು ಅತ್ತೆಯ ಇನ್ನೊಂದು ವಿದ್ಯೆ. ಮೊಂಡು ಹಲ್ಲನ್ನು ನೋಡಿ ಅಳಿಯ ಆ ದಿನ ಏನೇನು ಮಾಡಿದ ಎಂಬುದನ್ನು ಅವರು ಹೇಳಿಬಿಡುತ್ತಾರೆ. ಅಂಚು ಸಮನಾಗಿ ಉರುಟಾಗಿದ್ದರೆ ಬರೀ ಮರ. ಒರಟಾಗಿ ತರಿತರಿಯಾಗಿದ್ದರೆ ಸುತ್ತಲಿನ ಮಣ್ಣು ಬಿಡಿಸದೆ ನೇರ ನುಗ್ಗಿಸಿದ್ದಾನೆ. ಒಂದೆರಡು ಹಲ್ಲು ಜಜ್ಜಿ, ಬಿಳಿ ಗೀರು ಬಿದ್ದಿದ್ದರೆ ಕಲ್ಲು. ಅಳಿಯ ಮೊದಲ ಸಲ ಕಲ್ಲಿಗೆ ಬಡಿದು ತಂದಾಗ, "ಮರ ಭಾರಿ ಗಟ್ಟಿ ಇತ್ತು," ಎಂದ. ಎದುರಿಗೆ ಗಿರಾಕಿಯೂ ಇದ್ದ. ಅತ್ತೆ ಹಲ್ಲನ್ನು ತಿರುಗಿಸಿ ನೋಡಿ, "ಮರಕ್ಕೆ ಬಿಳಿ ಗೀರು ಬೀಳಲ್ಲ. ಕಲ್ಲು," ಅಂದುಬಿಟ್ಟರು. ಗಿರಾಕಿ ಕಿಸಕ್ಕನೆ ನಕ್ಕ. ಅಳಿಯ ಮುಖ ಊದಿಸಿಕೊಂಡ.

ಊದಿಸಿಕೊಂಡದ್ದು ಇನ್ನೂ ಇಳಿದಿಲ್ಲ. ಆವತ್ತಿನಿಂದ ಅತ್ತೆಗೂ ಅಳಿಯನಿಗೂ ನೇರ ಮಾತಿಲ್ಲ. ಜಗಳವೇನಿಲ್ಲ, ಅತ್ತೆಗೆ ಜ್ವರ ಬಂದರೆ ಮಾತ್ರೆ ತರಲು ಓಡುವವನು ಅವನೇ, ಅಳಿಯ ಬರುವುದು ತಡವಾದರೆ ಶಟರಿನ ಹೊರಗೆ ಹಣಕಿ ಹಣಕಿ ನೋಡುವವರು ಅವರೇ. ಮಾತು ಮಾತ್ರ ಮಗಳ ಮೂಲಕ. ಮೂವರೂ ಒಂದೇ ಮೇಜಿನ ಸುತ್ತ ಕೂತಿದ್ದರೂ ಅಷ್ಟೇ.

"ಕಣ್ಣು ಎಲ್ಲಿಟ್ಕೊಂಡಿದ್ರು ಅಂತ ಕೇಳೇ ನಿನ್ನ ಗಂಡನ್ನ."

"ರೀ, ಅಮ್ಮ ಸ್ವಲ್ಪ ಹುಷಾರಾಗಿರಿ ಅಂತಿದಾರೆ."

"ಕಲ್ಲೇ ಇರ್ಲಿಲ್ಲ ಅಂತ ಹೇಳು ನಿಮ್ಮಮ್ಮಂಗೆ."

"ಅಮ್ಮಾ, ಇನ್ಮೇಲೆ ನೋಡ್ಕೊಂಡು ಮಾಡ್ತಾರಂತೆ."

ಇಬ್ಬರಿಗೂ ಮೂಲ ಮಾತು ಕೇಳಿಸಿರುತ್ತದೆ. ಆದರೂ ಮಗಳು ತೊಳೆದು ಕೊಟ್ಟ ಮಾತನ್ನೇ ಕೇಳಿದವರಂತೆ ತಲೆಯಾಡಿಸುತ್ತಾರೆ. "ನಾನು ಈ ಮನೇಲಿ ಟೆಲಿಫೋನ್ ಕಂಬ," ಎಂದು ಮಗಳು ಹಣೆ ಚಚ್ಚಿಕೊಳ್ಳುತ್ತಾಳೆ. ಕಲ್ಲಿನ ವಿಷಯದಲ್ಲಂತೂ ಅಳಿಯ ಜಪ್ಪಯ್ಯ ಅಂದರೂ ಒಪ್ಪಿದವನಲ್ಲ. ಗೀರು ಬಿದ್ದ ಹಲ್ಲು ಕಣ್ಣೆದುರಿಗೇ ಇದ್ದರೂ "ಇರ್ಲಿಲ್ಲ" ಎಂದರೆ ಇರಲಿಲ್ಲ.

ಬಿಸಿಲೇರುವ ಹೊತ್ತಿಗೆ ಅಳಿಯ ಮೊಟ್ಟೆ ಟ್ರೇ ಹಿಡಿದು, ಏಜೆಂಟ್ ಪೆಟ್ಟಿಗೆ ಹಿಡಿದು, ಇಬ್ಬರೂ ಯಂತ್ರದ ಟ್ರಕ್ಕಿನಲ್ಲಿ ಹೊರಟರು. ಅತ್ತೆ ಶಟರಿನ ತನಕ ಬಂದು ನಿಂತರು. ಏನೋ ಹೇಳಿಕಳಿಸಬೇಕೆಂದು ಮಗಳತ್ತ ನೋಡುವಷ್ಟರಲ್ಲಿ ಟ್ರಕ್ಕು ದೂರವಾಗಿತ್ತು. ಟ್ರಕ್ಕು ತಿರುವಿನಲ್ಲಿ ಮರೆಯಾದ ಮೇಲೆ ಶುರುವಾಯಿತು ನೋಡಿ ಒದ್ದಾಟ.

ಕೂತರೆ ಏಳುತ್ತಾರೆ, ಎದ್ದರೆ ಕೂರುತ್ತಾರೆ. ಎದುರು ಅಂಗಡಿಯ ದರ್ಜಿ ಕೊಟ್ಟಿದ್ದ ಕತ್ತರಿಯೊಂದು ಮೇಜಿನ ಮೇಲಿತ್ತು. ಅದಕ್ಕೆ ಸಾಣೆ ಹಿಡಿದರು. ಒರೆಸಿಟ್ಟರು. ಮತ್ತೆ ಎತ್ತಿಕೊಂಡು ಮತ್ತೆ ಹಿಡಿದರು. ದರ್ಜಿ ಬಂದು, "ಅತ್ತೆ, ಸ್ವಲ್ಪ ಕತ್ತರಿ ಉಳಿಸಿ ಕೊಡಿ," ಎಂದು ಕೈಯಿಂದ ಕಿತ್ತುಕೊಂಡು ಹೋದ. ನೆಲದ ಮೇಲೆ ಕಾರ್ಬೈಡಿನ ಬೂದುಪುಡಿ ಎಂದಿಗಿಂತ ಹೆಚ್ಚು ಬಿದ್ದಿರುವುದು ಅತ್ತೆಯ ಕಣ್ಣಿಗೆ ಆಗ ಬಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸುತ್ತ, "ಸ್ವಲ್ಪ ಜಾಸ್ತಿ ಆಯ್ತೇನೋ," ಎಂದರು.

ಟ್ರಕ್ಕು ಮರಳಿ ಬಂದದ್ದು ಊಟದ ಹೊತ್ತು ಮೀರಿದ ಮೇಲೆ. ಮೊದಲು ಇಳಿದವನು ಏಜೆಂಟ್. ಶರ್ಟಿನ ಇಸ್ತ್ರಿ ಮುರಿದಿದೆ, ತಲೆಗೂದಲಲ್ಲಿ ಮರದ ಪುಡಿ, ಮುಖ ಮಾತ್ರ ಅರಳಿದೆ. ಅತ್ತೆ ಅವನ ಹಿಂದೆ ಅಳಿಯನ ಮುಖ ಹುಡುಕಿದರು.

ಆದದ್ದೇನೆಂದರೆ, ಅತ್ತೆಯ ಹಲ್ಲು ಮೊದಲು ಬೊಡ್ಡೆಯನ್ನು ಬೆಣ್ಣೆಯಂತೆ ಕೊಯ್ದಿತು. ಏಜೆಂಟನೇ ಬೆರಗಾಗಿ ನಿಂತನಂತೆ. ಅರ್ಧಕ್ಕೆ ಬರುವಷ್ಟರಲ್ಲಿ ಯಂತ್ರ ನಡುಗತೊಡಗಿತು, ಕೊಯ್ಯುವುದು ಹೋಗಿ ಉಜ್ಜುವುದಾಯಿತು, ಹೊಗೆ ಬಂತು. ಉರುಟು ಹಲ್ಲು ಹಾಕಿದ ಮೇಲೆ ಎರಡನೆಯ ಬೊಡ್ಡೆ ಒಂದೇ ಸಮನೆ ಪುಡಿಯಾಗಿ ನೆಲಕ್ಕೆ ಸೇರಿತು.

ಇಷ್ಟನ್ನು ಏಜೆಂಟ್ ಹೇಳಿ ಮುಗಿಸುವ ಮೊದಲೇ ಅಳಿಯ ನಡುವೆ ಬಾಯಿ ಹಾಕಿದ. "ಅದು ಕಲ್ಲು ಸಿಕ್ಕಿ ಹಾಗಾಗಿದ್ದು. ಬೇರಿನ ಸಂದೀಲಿ ಇಷ್ಟು ದಪ್ಪ ಕಲ್ಲಿತ್ತು. ನಾನೇ ನೋಡ್ಲಿಲ್ಲ. ನಂದೇ ತಪ್ಪು. ಅದಕ್ಕೆ ಈ ಪರೀಕ್ಷೆ ಲೆಕ್ಕಕ್ಕಿಲ್ಲ."

ಮಗಳ ಕೈಯಲ್ಲಿದ್ದ ನೀರಿನ ಲೋಟ ಅಲ್ಲೇ ನಿಂತಿತು. ಇದ್ದ ಕಲ್ಲನ್ನೂ ಇಷ್ಟು ವರ್ಷ ಇಲ್ಲವೆನ್ನುತ್ತಿದ್ದ ಮನುಷ್ಯ!

ಏಜೆಂಟ್ ತಬ್ಬಿಬ್ಬಾದ. "ಕಲ್ಲಾ? ನಾನು ಅಲ್ಲೇ ಇದ್ದೆನಲ್ಲ?"

"ಪುಡಿ ಹಾರುತ್ತೆ ಅಂತ ನೀವು ದೂರ ನಿಂತಿದ್ರಿ. ನಿಮಗೇನು ಕಾಣುತ್ತೆ?"

"ಸರಿ ಹಾಗಾದ್ರೆ," ಎಂದ ಏಜೆಂಟ್. ಮನುಷ್ಯ ಕೆಟ್ಟವನಲ್ಲ. "ಅಮ್ಮ ಹಲ್ಲು ನೋಡಿ ಹೇಳ್ತಾರಂತಲ್ಲ, ಬೀದಿಯೆಲ್ಲ ಅದೇ ಮಾತು. ಅವರೇ ಹೇಳ್ಲಿ. ಕಲ್ಲು ಅಂದ್ರೆ ಕಲ್ಲು. ಇನ್ನೊಂದು ದಿನ ಇನ್ನೊಂದು ಬೊಡ್ಡೆ ನೋಡೋಣ."

ಅತ್ತೆ ಟ್ರೇ ತೆಗೆದುಕೊಂಡು ಕಿಟಕಿಯ ಬಳಿ ಹೋದರು. ಒಂದು ಹಲ್ಲನ್ನೆತ್ತಿ ಬೆಳಕಿಗೆ ಹಿಡಿದರು. ಇನ್ನೊಂದು. ಮತ್ತೊಂದು. ಎಲ್ಲದರ ಅಂಚೂ ಒಂದೇ ರೀತಿ ಸಣ್ಣಗೆ ಚಕ್ಕೆ ಎದ್ದಿದೆ. ಜಜ್ಜಿದ ಗುರುತಿಲ್ಲ, ಬಿಳಿ ಗೀರು ಇಲ್ಲ, ಕಲ್ಲಿನ ಸುಳಿವೇ ಇಲ್ಲ. ಬೆಳಗ್ಗೆ ತಾನು ತೀಡಿ ತೀಡಿ ಕಾಗದದಷ್ಟು ತೆಳ್ಳಗೆ ಮಾಡಿದ ಅಂಚು ಮರದ ಗಂಟಿಗೇ ಉದುರಿಹೋಗಿದೆ. ಬಂದವರಿಗೆಲ್ಲ ಹೇಳುತ್ತಿದ್ದ ಮಾತನ್ನು ತಾನೇ ಮರೆತಿದ್ದರು. ಏಜೆಂಟನ ಮೇಲಿನ ಸಿಟ್ಟಿಗೆ ಉಗುರಿನ ಪರೀಕ್ಷೆಯನ್ನೇ ಮಾಡಿರಲಿಲ್ಲ.

ಮಗಳು ಹಿಂದಿನಿಂದ ಕಣ್ಣಲ್ಲೇ ಸನ್ನೆ ಮಾಡುತ್ತಿದ್ದಾಳೆ: ಹೂಂ ಅನ್ನಮ್ಮ, ಹೂಂ ಅಂದುಬಿಡು. ಅಳಿಯ ಚಾವಣಿ ನೋಡುತ್ತಿದ್ದಾನೆ. ಒಂದು ಹೂಂ ಅಂದರೆ ಮೇಜು ಉಳಿಯುತ್ತದೆ. ಅತ್ತೆಗೆ ಆಸೆಯಾಗಲಿಲ್ಲ ಎಂದರೆ ಸುಳ್ಳಾದೀತು. ಹೂಂ ಎಂಬುದು ಗಂಟಲ ತನಕ ಬಂದೂ ಬಂತು. ಆದರೆ ಕೈಯಲ್ಲಿ ಹಲ್ಲಿದೆ. ಹಲ್ಲು ಕೈಯಲ್ಲಿಟ್ಟುಕೊಂಡು ಅವರು ಈವರೆಗೆ ಇಲ್ಲದ್ದನ್ನು ಹೇಳಿದವರಲ್ಲ. ಅಳಿಯನ ಮುಖ ಊದಿದರೂ ಹೇಳಿದ್ದು ಇದ್ದದ್ದನ್ನೇ.

"ಇದು ಕಲ್ಲಲ್ಲ," ಎಂದರು. "ನನ್ನ ಕೊಬ್ಬು."

"ಅತ್ತೆ, ನೀವು ಸುಮ್ನಿರಿ!" ಅಳಿಯ ಕಿರುಚಿಯೇಬಿಟ್ಟ.

ಅಳಿಯನಿಗೆ ತಾನೇನು ಮಾಡಿದೆ ಎಂದು ಹೊಳೆಯಲು ಒಂದು ಗಳಿಗೆ ಬೇಕಾಯಿತು. ಮಗಳು ಲೋಟವನ್ನು ಕೆಳಗಿಟ್ಟು, "ಅಯ್ಯಯ್ಯೋ, ರೀ! ಅಮ್ಮನ ಹತ್ರ ಮಾತಾಡಿಬಿಟ್ರಿ!" ಎಂದಳು.

ಅತ್ತೆ ಹಿಂದೆಗೆಯುವವರೇ? ಅವರೂ ನೇರವಾಗಿ ಅಳಿಯನತ್ತಲೇ ತಿರುಗಿದರು. "ಯಾಕೆ ಸುಮ್ನಿರ್ಲಿ? ಕಲ್ಲಿದ್ದಾಗ ಇಲ್ಲ ಅಂತೀರಿ, ಇಲ್ಲದಾಗ ಇದೆ ಅಂತೀರಿ. ಒಂದು ಸಲವಾದ್ರೂ ಸರಿಯಾಗಿ ಸುಳ್ಳು ಹೇಳೋಕೆ ಬರುತ್ತಾ ನಿಮಗೆ?"

"ನಿಮಗೋಸ್ಕರ ಹೇಳಿದ್ದು!"

"ಗೊತ್ತಪ್ಪ. ಗೊತ್ತಿಲ್ವಾ ನಂಗೆ?" ಅತ್ತೆ ಕಣ್ಣೊರೆಸಲು ಹೋದರೆ ಬೈಕ್ ಕನ್ನಡಕ ಅಡ್ಡ ಬಂತು. ಅದನ್ನು ಹಣೆಗೇರಿಸಿ, ಒರೆಸಿಕೊಂಡು, ಏಜೆಂಟನತ್ತ ತಿರುಗಿ, ಅಂಚು ಹೇಗೆ ತೆಳ್ಳಗಾಯಿತು, ಯಾಕೆ ಉದುರಿತು ಎಂಬುದನ್ನು ಒಂದೂ ಬಿಡದೆ ವಿವರಿಸಿದರು. "ನೀವು ಗೆದ್ರಿ. ಮೇಜು ಯಾವತ್ತು ತೆಗೀಬೇಕು ಹೇಳಿ. ಚಕ್ರ ಮಾತ್ರ ನಾನು ಮಹಡಿಗೆ ತಗೊಂಡು ಹೋಗ್ತೀನಿ."

ಏಜೆಂಟ್ ಪೆಟ್ಟಿಗೆ ತೆರೆದು ಬಿಲ್ ಪುಸ್ತಕಕ್ಕೆ ಕೈ ಹಾಕಿದ. ಅಳಿಯ ಆ ಪೆಟ್ಟಿಗೆಯ ಮುಚ್ಚಳವನ್ನು ನಿಧಾನಕ್ಕೆ ಮುಚ್ಚಿದ.

"ನಿಮ್ಮ ಹಲ್ಲು ಚೆನ್ನಾಗಿದೆ ಸಾರ್, ಇಲ್ಲ ಅನ್ನಲ್ಲ," ಎಂದ. "ಆದ್ರೆ ನಾನು ಮಣ್ಣಿಗೆ ನುಗ್ಗಿಸಿದ್ರೂ ಅದು ಸುಮ್ನಿರುತ್ತೆ, ಕಲ್ಲಿಗೆ ಬಡಿದ್ರೂ ಸುಮ್ನಿರುತ್ತೆ. ತಿರುಗಿಸು, ಬಿಸಾಡು, ಅಷ್ಟೇ. ನಾನು ಸ್ವಲ್ಪ ಕೈ ತಡೆದು ಕೆಲಸ ಮಾಡೋದೇ ಸಂಜೆ ಇವರಿಗೆ ಹಲ್ಲು ತೋರಿಸ್ಬೇಕಲ್ಲ ಅನ್ನೋ ಹೆದರಿಕೆಗೆ. ಇವರು ಮಹಡಿಗೆ ಹೋದ್ರೆ ನಾನು ಯಂತ್ರಾನೇ ಮುರಿದು ಹಾಕ್ತೀನಿ."

ಏಜೆಂಟ್ ಒಬ್ಬರ ಮುಖ ಒಬ್ಬರು ನೋಡುತ್ತ ನಿಂತ ಆ ಮೂವರನ್ನೂ ನೋಡಿದ. ನಕ್ಕು ತಲೆ ಕೊಡವಿದ. ಮರದ ಪುಡಿ ಉದುರಿತು. "ಗೆದ್ದೂ ಬರಿಗೈಯಲ್ಲಿ ಹೋಗ್ತಿರೋದು ಇದೇ ಮೊದಲು," ಎಂದು ಮಗಳು ಕೊಟ್ಟ ನೀರು ಕುಡಿದು, ಪೆಟ್ಟಿಗೆ ಎತ್ತಿಕೊಂಡು ಹೊರಟ. ಹೋಗುವಾಗ ತನ್ನ ಜೇಬಿನ ಚಾಕುವನ್ನು ಸಾಣೆಗೆ ಕೊಟ್ಟು ಹೋದ.

ಈಗ ಮಧ್ಯಾಹ್ನ ಇಳಿಯುತ್ತಿದೆ. ಅತ್ತೆಯ ಮುಂದೆ ರಾಶಿ ಕೆಲಸ. ಚಕ್ಕೆ ಎದ್ದಷ್ಟನ್ನೂ ಸವೆಸಬೇಕು, ಎಲ್ಲಕ್ಕಿಂತ ಗಿಡ್ಡವಾದ ಹಲ್ಲಿನ ಮಟ್ಟಕ್ಕೆ ಉಳಿದವನ್ನೂ ಇಳಿಸಬೇಕು. ಇಲ್ಲದಿದ್ದರೆ ಗಾಲಿ ತೂಕ ತಪ್ಪಿ ಅಳಿಯ ಮತ್ತೆ ಕುಣಿಯುತ್ತಾನೆ. ಅಳಿಯ ಸ್ಟೂಲೊಂದನ್ನು ಎಳೆದುಕೊಂಡು ಪಕ್ಕದಲ್ಲೇ ಕೂತಿದ್ದಾನೆ. ಒಂದೊಂದೇ ಹಲ್ಲನ್ನು ಟ್ರೇಯಿಂದ ಎತ್ತಿ ಕೊಡುತ್ತಾನೆ, ಆರಿದ್ದನ್ನು ಅದರದೇ ಗುಳಿಯಲ್ಲಿಡುತ್ತಾನೆ. ಪ್ರತಿ ಹಲ್ಲೂ ಈಗ ಉಗುರಿನ ಮೇಲೆ ಕೂತೇ ಮುಂದಕ್ಕೆ ಹೋಗುತ್ತದೆ. ಕೆಲಸ ಕಳೆದುಕೊಂಡ ಮಗಳು ಬಾಗಿಲಲ್ಲಿ ಕೂತು, "ನನಗೆ ಈಗ ರೆಸ್ಟು," ಎನ್ನುತ್ತಿದ್ದಾಳೆ.

ಮುಂದೆ ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಅತ್ತೆ ಚಕ್ರ ನಿಲ್ಲಿಸಿ ಯೋಚಿಸುತ್ತಾರೆ.

"ಒಂದೇ ಒಂದು ವಾರ ಪೂರ್ತಿ ಇವರು ಕಲ್ಲಿಗೆ ಬಡೀದೆ ಹಲ್ಲು ತಂದುಕೊಡ್ಲಿ. ಅಷ್ಟು ನೋಡ್ಬೇಕು."

"ಹಾಗೆ ತಂದ್ರೆ ನಿಮಗೆ ಬೈಯೋಕೆ ಏನಿರುತ್ತೆ ಅತ್ತೆ?"

ಅತ್ತೆ ಕೈಯಲ್ಲಿದ್ದ ಹಲ್ಲನ್ನು ತಿರುಗಿಸಿ ನೋಡುತ್ತಾರೆ. ಕನ್ನಡಕವನ್ನು ಮತ್ತೆ ಕಣ್ಣಿಗಿಳಿಸುತ್ತಾರೆ.

"ಅದೂ ಸರೀನೇ. ಬಡೀರಿ ಬಿಡಿ. ಬಡಿದ್ರೆ ಬಂದು ಬಡಿದೆ ಅಂತ ಹೇಳಿ, ಸಾಕು. ಹರಿತ ಮಾಡಿಕೊಡೋಕೆ ನಾನಿದೀನಿ."